ಹೊನ್ನಪ್ಪನ ಹಳದಿ ಮಧ್ಯಾಹ್ನಗಳು

ಮಹಾಲ್ ಪೇಟೆಯ ಆ ಸಂದಿಯಲ್ಲಿ ಹೊನ್ನಪ್ಪನಿಗೆ ಬುದ್ಧಿ ಹೇಳಿ ಗೆದ್ದವರಿಲ್ಲ. ಗದಗದ ಕಡೆಯಿಂದ ರೈಲ್ವೆ ನೌಕರಿಗೆ ನಾಗಪುರಕ್ಕೆ ಬಂದವನು, ನಿವೃತ್ತಿಯಾದ ಮೇಲೂ ಇಲ್ಲೇ ಬೇರುಬಿಟ್ಟ. ಹೆಂಡತಿ ಸತ್ಯಭಾಮಾ ತೀರಿಕೊಂಡ ವರ್ಷವೇ ಅವನ ಎದೆಬಡಿತ ತಾಳ ತಪ್ಪಿತು. ರೈಲ್ವೆ ಆಸ್ಪತ್ರೆಯಲ್ಲಿ ಗುಳಿಗೆ ಪುಕ್ಕಟೆ ಕೊಟ್ಟರು. ಪುಕ್ಕಟೆ ಗುಳಿಗೆಗೆ ಕಸುವು ಎಲ್ಲಿಂದ ಬರಬೇಕು ಎಂದು ಲಕ್ಷ್ಮೀ ನಗರದ ಖಾಸಗಿ ಡಾಕ್ಟರ ಬಳಿಯೂ ಹೋದ. ಅಲ್ಲಿನದನ್ನು ಇಲ್ಲಿ ಹೇಳಲಿಲ್ಲ, ಇಲ್ಲಿನದನ್ನು ಅಲ್ಲಿ ಹೇಳಲಿಲ್ಲ. ಸರ್ಕಾರದ್ದನ್ನು ಚೆಲ್ಲುವುದು ಪಾಪ, ಕೊಂಡದ್ದನ್ನು ಚೆಲ್ಲುವುದು ಹುಚ್ಚುತನ ಎಂದು ಎರಡನ್ನೂ ನುಂಗತೊಡಗಿದ.

ಮೊದಲು ಊಟ ಸೇರದಾಯಿತು. ಆಮೇಲೆ ಸುಣ್ಣದ ಗೋಡೆ ಅರಿಶಿನ ಬಳಿದಂತೆ ಕಂಡಿತು. ಬಲ್ಬಿನ ಸುತ್ತ ಹಳದಿ ಬಳೆ. ಒಂದು ಮಧ್ಯಾಹ್ನ, ಬಿಸಿಲಿಗೆ ಸ್ಕೂಟರುಗಳೂ ಸದ್ದಡಗಿಸಿದ್ದಾಗ, ಸತ್ಯಭಾಮಾ ಹೊಸ್ತಿಲ ಬಳಿ ಕುಳಿತು ಅಕ್ಕಿ ಆರಿಸುತ್ತಿದ್ದಳು. ಮೊರದಲ್ಲಿ ಅಕ್ಕಿ ಇರಲಿಲ್ಲ.

ಅವನು ಹೆದರಲಿಲ್ಲ. ದಿನಾ ಅವಳ ದಾರಿ ಕಾದ.

"ಮಾವಾರ, ಯಾರ ಕೂಡ ಮಾತಾಡಾಕತ್ತೀರಿ?" ಎಂದಳು ಸೊಸೆ ಸ್ವಪ್ನಾ.

"ನಿಮ್ಮತ್ತಿ ಕೂಡ. ಸೆರಗ ಬರೋಬರ್ ಹೊದ್ದಕೋ, ಸಿಟ್ಟಾಗ್ತಾಳ."

ಸ್ವಪ್ನಾಳ ಅನುಮಾನ ಗುಳಿಗೆಗಳ ಮೇಲೆ ಹೋಯಿತು. ಮನೆಯ ಗುಳಿಗೆಗಳನ್ನೆಲ್ಲ ಒಂದೇ ಚೀಲಕ್ಕೆ ತುಂಬಿ, ಬೈಗುಳ ತಿನ್ನುತ್ತಲೇ ಮಾವನನ್ನು ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಚೀಲ ಸುರುವಿ, ಗುಳಿಗೆಯ ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟರು. ಹೆಸರು ಎರಡು, ಔಷಧ ಒಂದೇ. ಹೆಚ್ಚಾದರೆ ಕಣ್ಣಿಗೆ ಹಳದಿ, ತಲೆಗೆ ಭ್ರಮೆ, ಕೊನೆಗೆ ಎದೆಯೇ ನಿಲ್ಲುತ್ತದೆ ಎಂದರು. ಯಾವ ಡಾಕ್ಟರ ಬಳಿ ಹೋದರೂ ಈ ಚೀಲ ಜೊತೆಗಿರಲಿ ಎಂದೂ ಹೇಳಿದರು. ಅವನನ್ನು ಅಲ್ಲೇ ಉಳಿಸಿಕೊಂಡು, ಸುಧಾರಿಸಿದ ಮೇಲೆ ಒಂದೇ ಪಟ್ಟಿ ಕೊಟ್ಟು ಮನೆಗೆ ಕಳಿಸಿದರು.

ಹಳದಿ ಇಳಿದಿತ್ತು. ಸತ್ಯಭಾಮಾ ಇನ್ನೂ ಹೊಸ್ತಿಲ ಬಳಿ ಕುಳಿತಿದ್ದಳು, ಒದ್ದೆ ಗೋಡೆಯ ಕಲೆಯಷ್ಟು ಮಸುಕಾಗಿ. ಹೊನ್ನಪ್ಪನ ಹಳೆಯ ಸಮವಸ್ತ್ರದ ಕಿಸೆಯಲ್ಲಿ ಇನ್ನೊಂದು ಪಟ್ಟಿ ಅಡಗಿತ್ತು. ನುಂಗಿದರೆ ಅವಳು ತುಂಬಿ ಬರುತ್ತಾಳೆ, ಪ್ರಾಣ ಹೋದರೆ ಹೋಗಲಿ.

"ಹೋಗಬ್ಯಾಡ, ನಿಲ್ಲು," ಎಂದು ಪಟ್ಟಿ ಹೊರತೆಗೆದ.

ಅವಳು ಬಾ ಎಂಬಂತೆ ಕೈ ಚಾಚಿದಳು. ಮುಂಗೈ ನುಣ್ಣಗಿತ್ತು. ಮದುವೆಯಾದ ಹೊಸತರಲ್ಲಿ ರೊಟ್ಟಿಯ ಹಂಚು ತಗುಲಿ ಸತ್ಯಭಾಮಾಳ ಮುಂಗೈ ಸುಟ್ಟಿತ್ತು. ತುಪ್ಪ ಸವರಿದವನು ಅವನೇ. ಆ ಕಲೆ ಕೊನೆಯವರೆಗೂ ಮಾಸದೆ ಅವಳೊಂದಿಗೇ ಚಿತೆಗೆ ಹೋಗಿತ್ತು; ಈ ಕೈಯ ಮೇಲೆ ಅದಿರಲಿಲ್ಲ.

"ಯಾರ ನೀ?"

ಕೈ ಚಾಚಿಯೇ ಇತ್ತು.

"ಸ್ವಪ್ನಾ! ಜಲ್ದಿ ಬಾ! ಇದನ್ನ ಒಯ್ಯಿ!"

"ಮುಚ್ಚಿಟ್ಟಿದ್ರಿ? ಸಣ್ಣ ಹುಡುಗರಕಿಂತ ಕಡೆ ಆದ್ರಿ ನೀವು!" ಎಂದು ಸ್ವಪ್ನಾ ಪಟ್ಟಿ ಕಸಿದುಕೊಂಡಳು.

"ಬಾಯಿ ಸಾಕು. ಡಾಕ್ಟರು ಎಷ್ಟ ಹೇಳ್ಯಾರ?"

"ಒಂದ."

"ಒಂದ ಕೊಡು."

ಈಗಲೂ ಗುಳಿಗೆ ಒಂದೇ, ಸ್ವಪ್ನಾಳ ಕೈಯಿಂದಲೇ. ಆದರೆ ಹೊಸ್ತಿಲು ದಾಟುವಾಗ ಹೊನ್ನಪ್ಪ, ಅಲ್ಲಿ ಕುಳಿತವರಿಗೆ ಕಾಲು ತಾಗದಂತೆ, ಬದಿಗೆ ಸರಿದೇ ದಾಟುತ್ತಾನೆ.