ಏಳನೇ ಡ್ರಮ್ಮಿಗೆ ಹೊದಿಸಿದ ಕಂಬಳಿ

ಬೆಳಗಿನ ಐದೂವರೆ. ನನ್ನಿವಾಳ ಊರಿನ ಹೊರಗಿನ ದ್ರಾಕ್ಷಿ ತೋಟದ ಷೆಡ್ಡಿನಲ್ಲಿ ಸೂರಮ್ಮ ನೀಲಿ ಡ್ರಮ್ಮಿಗೆ ಕಿವಿಯಾನಿಸಿ ನಿಂತಿದ್ದಾರೆ. ಆರು ಡ್ರಮ್ಮುಗಳಲ್ಲಿ ದ್ರಾಕ್ಷಿ ರಸ ಸುಯ್ಯೆಂದು ಹುದುಗೇಳುತ್ತಿದೆ. ಏಳನೆಯದರಲ್ಲಿ ಮೂರು ದಿನದಿಂದ ಸದ್ದಿಲ್ಲ.

"ಇನ್ನೂ ಮಲಗೈತೆ ಸೋಂಬೇರಿ," ಎಂದು ಅದರ ಬೆನ್ನಿಗೊಂದು ತಟ್ಟುತ್ತಾರೆ.

ತೋಟ ಜಂಬುಲಿಂಗಪ್ಪನವರದು, ವೈನ್ ಮಾಡುವವರು ಮಗಳು ಶೈಲಜಾ. ತಮ್ಮ ಕೆಂಪು ವೈನಿಗೆ ಇವರು ಯೀಸ್ಟ್, ಸಕ್ಕರೆ, ಬಣ್ಣ ಏನನ್ನೂ ಬೆರೆಸುವುದಿಲ್ಲ. ಹಣ್ಣಿನ ಸಿಪ್ಪೆಗೆ ಅಂಟಿಕೊಂಡು ಬಂದ ಯೀಸ್ಟೇ ಎಲ್ಲವನ್ನೂ ಮಾಡಬೇಕು. ಫೆಬ್ರುವರಿಯ ಹಣ್ಣು ಮೇ ತಿಂಗಳಿಗೆ ಬಾಟ್ಲಿ ಸೇರುತ್ತದೆ. ಮೇಲೆ ತೇಲುವ ಸಿಪ್ಪೆಯನ್ನು ಮರದ ಕೋಲಿನಿಂದ ಒಳಕ್ಕೆ ಅದುಮುವುದು ಸೂರಮ್ಮನ ಕೆಲಸ. ದಿನಕ್ಕೆ ಮೂರು ಸಲ, ಪ್ರತಿ ಸಲ ಡ್ರಮ್ಮಿಗೆ ನಲವತ್ತು ಅದುಮು.

ಐದು ವರ್ಷದಲ್ಲಿ ಒಂದು ಹನಿಯನ್ನೂ ಅವರು ನಾಲಿಗೆಗೆ ಮುಟ್ಟಿಸಿಲ್ಲ. ಅವರ ಕುಲದ ಕಟ್ಟೆಮನೆಯ ಕಟ್ಟಳೆಯಂತೆ ಹೆಂಡ ಮುಟ್ಟುವಂತಿಲ್ಲ. ಕೆಲಸಕ್ಕೆ ಸೇರಿದಾಗ ಹಿರಿಯರು ಕರೆಸಿ ವಿಚಾರಿಸಿದ್ದರಂತೆ. "ಕುಡಿಯೋದು ಬ್ಯಾಡ ಅಂದ್ರಿ, ಒಪ್ಪಿದೆ. ಕಿವಿಗೊಟ್ಟು ಕೇಳೋದೂ ತಪ್ಪಾ ಅಂದೆ." ಗಂಡ ಯತ್ತಪ್ಪ ಮಾತ್ರ ಸಂಜೆ ಸ್ನಾನವಾಗದೆ ಒಳಗೆ ಬಿಡುವುದಿಲ್ಲ. ನಾಲ್ಕು ಗಂಟೆಗೇ ಬಚ್ಚಲಿನ ಹಂಡೆಗೆ ಉರಿ ಹಾಕಿಡುವವರೂ ಅವರೇ.

ಶೈಲಜಾ ಯೀಸ್ಟ್ ಪೊಟ್ಟಣ ಹಿಡಿದು ಬರುತ್ತಾರೆ. "ಸೂರಕ್ಕ, ಮಧ್ಯಾಹ್ನದವರೆಗೂ ಕಾಯ್ತೀನಿ. ಆಮೇಲೆ ಇದನ್ನ ಹಾಕ್ಲೇಬೇಕು, ಇಲ್ಲಾಂದ್ರೆ ಕೆಟ್ಟುಹೋಗುತ್ತೆ."

ಹಾಕಿದರೆ 'ಏನೂ ಬೆರೆಸಿಲ್ಲ' ಎಂಬ ಚೀಟಿಯನ್ನು ಆ ಬಾಟ್ಲಿಗಳಿಗೆ ಅಂಟಿಸುವಂತಿಲ್ಲ. ಸೂರಮ್ಮನ ಮುಖ ಸಣ್ಣದಾಗುತ್ತದೆ. "ನನ್ನ ಕೈಯಾಗೆ ಇಲ್ಲೀತಂಕ ಒಂದೂ ಸೋತಿಲ್ಲ ತಾಯಿ." ಡ್ರಮ್ಮನ್ನು ಸವರಿ ನೋಡುತ್ತಾರೆ. "ತಣ್ಣಗೈತೆ. ಬಾಗಿಲಾಗೆ ಇಟ್ಟೀರಿ, ಗಾಳಿ ಹೊಡೆದೈತೆ. ಎಳೇ ಕುರಿಮರಿಗೂ ಹಿಂಗೇ ಆಗೋದು."

ಅಷ್ಟೇ, ಮನೆಗೆ ಓಡುತ್ತಾರೆ. ಕಂಬಳಿ ತಂದು ಡ್ರಮ್ಮಿಗೆ ಸುತ್ತಿ ಹಗ್ಗ ಕಟ್ಟುತ್ತಾರೆ. ಹಿಂದೆಯೇ ಯತ್ತಪ್ಪ, ಹೆಂಡತಿಯ ಹಳೇ ಸೀರೆ ಹೊದ್ದು ನಡುಗುತ್ತಾ ಹಾಜರು.

"ಲೇ, ಮಲಗಿದ್ದೋನ ಮೈಮೇಲಿಂದ ಎಳ್ಕಂಡು ಬಂದೀಯಲ್ಲ! ಹೆಂಡಕ್ಕೆ ನನ್ನ ಕಂಬಳಿನಾ?"

"ನೀನು ಬಿಸಿಲಾಗೆ ಕುಂತ್ಕೋಬೋದು. ಅದು ಎದ್ದು ಹೋಗ್ತೈತಾ?"

ಯತ್ತಪ್ಪ ಡ್ರಮ್ಮನ್ನು ಒಂದು ಸುತ್ತು ಹಾಕುತ್ತಾರೆ. "ಇಷ್ಟು ಸಡಿಲ ಕಟ್ತಾರೇನೇ?" ಎನ್ನುತ್ತಾ ತಾವೇ ಬಿಚ್ಚಿ, ಬಿಗಿಯಾಗಿ ಕಟ್ಟುತ್ತಾರೆ.

ಕಂಬಳಿ ಹೊದಿಸಿದರೆ ಬೆರೆಸಿದಂತಾಗುತ್ತದೆಯೇ ಎಂಬುದು ಶೈಲಜಾ ಅವರ ಚಿಂತೆ. "ನೀನು ಹುಟ್ಟಿದಾಗ್ಲೂ ಹೊದಿಸಿದ್ವಿ, ನಿನ್ನಾಗೆ ಏನ್ ಬೆರೀತು?" ಎನ್ನುತ್ತಾರೆ ಜಂಬುಲಿಂಗಪ್ಪ.

ಮಧ್ಯಾಹ್ನ ಸೂರಮ್ಮ ಕಂಬಳಿ ಸರಿಸಿ ಕಿವಿಯಿಡುತ್ತಾರೆ. ಸ್ವಲ್ಪ ಹೊತ್ತಿಗೆ ಅವರ ಒಂದು ಬೆರಳು ಮೇಲೇಳುತ್ತದೆ. ಶೈಲಜಾ ಓಡಿಬಂದು ಇನ್ನೊಂದು ಬದಿಗೆ ಕಿವಿ ಹಚ್ಚುತ್ತಾರೆ, ನಗುತ್ತಾರೆ. ಪೊಟ್ಟಣ ಫ್ರಿಜ್ಜಿಗೆ ಹಿಂದಿರುಗುತ್ತದೆ.

ಬಾಟ್ಲಿಯ ಮೇಲೆ ನಿಮ್ಮ ಹೆಸರು ಹಾಕಿಸೋಣವೇ ಎಂದು ಶೈಲಜಾ ಕೇಳಿದರೆ ಸೂರಮ್ಮ ಬೇಡವೆಂದು ಕೈಯಾಡಿಸುತ್ತಾರೆ. "ಹೆಸರು ಯಾಕ್ರಿ? ಈ ಏಳನೇದು ಕುಡಿಯೋರು ಯಾರನ್ನಾದ್ರೂ ಒಬ್ರನ್ನ ಇಲ್ಲಿಗೆ ಕರ್ಕಂಡು ಬನ್ರಿ. ಮೊದಲ್ನೇ ಗುಟುಕು ಇಳಿಯೋವಾಗ ಅವರ ಮುಖ ನೋಡ್ತೀನಿ. ರುಚಿ ಹೆಂಗೈತೆ ಅಂತ ನಂಗೆ ಗೊತ್ತಾಗ್ತೈತೆ."