ಮೂರನೆಯ ಹಾಡಿನ ಡ್ರಮ್ಸ್

ನಮ್ಮ ಆಲ್ಬಮ್ಮಿನ ಬಗ್ಗೆ ಯಾರಾದರೂ ಒಳ್ಳೆಯ ಮಾತಾಡಿದರೆ ನಾನು ಈಗ ವಿಷಯ ಬದಲಿಸುತ್ತೇನೆ. ಮೊದಲಾಗಿದ್ದರೆ ಫೋನ್ ತೆಗೆದು ಕೇಳಿಸಿಯೇ ಬಿಡುತ್ತಿದ್ದೆ. ಕತಾರಿನಲ್ಲಿ ಕೂತು ಕನ್ನಡದಲ್ಲಿ ಗ್ಲಾಮ್ ಮೆಟಲ್ ಮಾಡಿದವರು ನಾವು ಮೂವರೇ ಇರಬೇಕು ಎಂಬ ಜಂಬ ನನಗಿತ್ತು. ಉಬ್ಬಿಸಿದ ಕೂದಲು, ಕಣ್ಣಿಗೆ ಕಾಡಿಗೆ, ಮೈಗಂಟಿದ ಹೊಳೆಯುವ ಪ್ಯಾಂಟಿನ ಗಂಡಸರು ಗಂಟಲು ಹರಿಯುವಂತೆ ಪ್ರೇಮಗೀತೆ ಹಾಡುವ ಸಂಗೀತ ಅದು. ನಾವೋ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೊರಳಿಗೆ ಐಡಿ ಕಾರ್ಡು ತೂಗಿಸಿಕೊಂಡು ಆಫೀಸಿಗೆ ಹೋಗುವವರು. ಬಹುಶಃ ಅದಕ್ಕೇ ಅದರ ಮೇಲೆ ಅಷ್ಟು ಮೋಹ.

ಹಾಡುಗಾರ ನಾನು, ಮೈಸೂರಿನವನು. ಗಿಟಾರಿಗೆ ಬಿನ್ ಒಮ್ರಾನ್ ಬಡಾವಣೆಯ ಒಬ್ಬ ಮಲಯಾಳಿ ಗೆಳೆಯ. ಡ್ರಮ್ಸ್‌ಗೆ ಉಡುಪಿ ಕಡೆಯ ಕ್ಯಾಥೊಲಿಕರೊಬ್ಬರು. ಮುಶೈರಿಬ್‌ನ ನಮ್ಮ ಆಫೀಸಿನಲ್ಲೇ ಕಾಗದಪತ್ರ ನೋಡಿಕೊಳ್ಳುತ್ತಿದ್ದರು, ನನಗಿಂತ ಹತ್ತು ವರ್ಷ ದೊಡ್ಡವರು. ಊರಿನ ಚರ್ಚಿನ ಬ್ಯಾಂಡಿನಲ್ಲಿ ಪಳಗಿದ ಕೈ. ಇಲ್ಲಿ ವಾರದ ರಜೆ ಶುಕ್ರವಾರ, ಅಂದು ಚರ್ಚಿನ ಪೂಜೆ ಮುಗಿಸಿ, ಅದೇ ಬಿಳಿ ಅಂಗಿಯಲ್ಲಿ ಅಲ್ ವುಕೈರ್‌ನ ನನ್ನ ಫ್ಲ್ಯಾಟಿಗೆ ಬರುತ್ತಿದ್ದರು. ಫ್ಲ್ಯಾಟಿನಲ್ಲಿ ನಿಜವಾದ ಡ್ರಮ್ಸ್ ಬಾರಿಸಿದರೆ ಕೆಳಗಿನ ಮನೆಯವರು ಸುಮ್ಮನಿರುತ್ತಾರೆಯೇ? ಹಾಗಾಗಿ ಕಂಪ್ಯೂಟರಿಗೆ ಜೋಡಿಸಿದ ರಬ್ಬರ್ ಪ್ಯಾಡುಗಳು. ಅಬ್ಬರವೆಲ್ಲ ನಮ್ಮ ಹೆಡ್‌ಫೋನಿನೊಳಗೆ, ಹೊರಗೆ ಡ್ರಮ್ಸ್ ಕೇಳಿಸುತ್ತಿದ್ದದ್ದು ತರಕಾರಿ ಹೆಚ್ಚಿದಂತೆ ಮಾತ್ರ. ಅವರು ಬಾರಿಸುತ್ತಿದ್ದರು, ನಾನು ಎದುರಿಗೆ ನಿಂತು ಹಾಡುತ್ತಿದ್ದೆ, ಎರಡೂ ಒಟ್ಟಿಗೇ ರೆಕಾರ್ಡ್ ಆಗುತ್ತಿದ್ದವು.

ಮುಖಚಿತ್ರದ ಫೋಟೋಕ್ಕೆ ವಿಗ್ ತಂದೆವು. ನನ್ನ ಹೆಂಡತಿ ಮೂವರಿಗೂ ಕಾಡಿಗೆ ತೀಡಿದಳು. ಮೀಸೆ ತೆಗೆಯಿರಿ ಎಂದರೆ ಡ್ರಮ್ಸಿನವರು ಮಾತ್ರ ಜಪ್ಪಯ್ಯ ಎನ್ನಲಿಲ್ಲ.

“ಆಗ್ಲಿಕ್ಕಿಲ್ಲ ಮಾರಾಯ. ಹೆಂಡತಿ ವಿಡಿಯೋ ಕಾಲ್ ಮಾಡಿದ್ರೆ ಎಂತ ಹೇಳುದು?”

“ಈ ಕೂದಲಿಗೆ ಏನು ಹೇಳ್ತೀರಿ ಮತ್ತೆ?”

“ಅದು ತೆಗೀಲಿಕ್ಕೆ ಆಗ್ತದಲ್ಲ.”

ಐದು ಹಾಡು ಮುಗಿಯುವಷ್ಟರಲ್ಲಿ ಆಫೀಸಿನಲ್ಲಿ ಜನ ಕಡಿಮೆ ಮಾಡಿದರು. ಆ ಪಟ್ಟಿಯಲ್ಲಿ ಡ್ರಮ್ಸಿನವರ ಹೆಸರೂ ಬಂತು. ಊರಿಗೆ ಹೊರಟ ದಿನ ವಿಮಾನ ನಿಲ್ದಾಣದಲ್ಲಿ ನನ್ನ ಕೈ ಹಿಡಿದುಕೊಂಡು ಹೇಳಿದರು, “ಎಲ್ಲಿಯಾದ್ರೂ ತಪ್ಪು ಉಂಟಂತ ಕಂಡ್ರೆ ಹೇಳು. ಊರಿಂದ ಬಾರಿಸಿ ಕಳಿಸ್ತೇನೆ. ಸಂಕೋಚ ಬೇಡ.”

ತಪ್ಪು ಕಂಡಿತು. ಮೂರನೆಯ ಹಾಡಿನಲ್ಲಿ ಅವರ ತಾಳ ಅಲ್ಲಲ್ಲಿ ನಿಧಾನವಾಗುತ್ತಿತ್ತು. ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಆದರೆ ಕನ್ನಡಿಗರ ಸಮಾರಂಭದಲ್ಲಿ ಆಲ್ಬಮ್ ಬಿಡುಗಡೆಯೆಂದು ಊರಿಗೆಲ್ಲ ಹೇಳಿಕೊಂಡಿದ್ದೆ. ಕೆಲಸ ಕಳೆದುಕೊಂಡವರಿಗೆ ನಿಮ್ಮ ಡ್ರಮ್ಸೂ ಸರಿಯಿಲ್ಲ ಎನ್ನುವುದು ಹೇಗೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಕರುಣೆಯಲ್ಲ, ಅವಸರ. ಗಿಟಾರಿನವನು “ಅವರನ್ನೊಂದು ಮಾತು ಕೇಳು” ಎಂದು ಎರಡು ಸಲ ಹೇಳಿದ. ನಾನು ಕೇಳಲಿಲ್ಲ. ಕಂಪ್ಯೂಟರಿನಲ್ಲಿ ಕೂತು ಅವರ ಒಂದೊಂದು ಪೆಟ್ಟನ್ನೂ ಎಳೆದು ನೆಟ್ಟಗೆ ಸಾಲಿಗೆ ಕೂರಿಸಿದೆ. ಸಾಲದ್ದಕ್ಕೆ ಪಲ್ಲವಿಗೆ ಮುಂಚೆ ಕಾಲಿನಿಂದ ತುಳಿಯುವ ಪೆಟ್ಟುಗಳ ಒಂದು ಸುರಿಮಳೆಯನ್ನೇ ನಾನೇ ಸೇರಿಸಿದೆ. ಪ್ಯಾಡಿನ ಶಬ್ದ ಮೊದಲೇ ಯಂತ್ರದ್ದು, ವ್ಯತ್ಯಾಸ ಯಾರಿಗೂ ತಿಳಿಯುವಂತಿರಲಿಲ್ಲ. ಹೊಸ ತಾಳಕ್ಕೆ ಉಸಿರು ಸಾಲದೆ ನನ್ನ ಹಾಡನ್ನು ತುಂಡು ತುಂಡಾಗಿ ಹಾಡಿ ಜೋಡಿಸಬೇಕಾಯಿತು. ಯಾಕೆ ಸಾಲುತ್ತಿಲ್ಲ ಎಂದು ಆಗ ಯೋಚಿಸಲಿಲ್ಲ.

ಬಿಡುಗಡೆಯ ದಿನ ಅವರನ್ನು ವಿಡಿಯೋ ಕಾಲಿನಲ್ಲಿ ಪರದೆಯ ಮೇಲೆ ತೋರಿಸಿದೆವು. ಅವರ ಹೆಂಡತಿ, ಮಗಳು ಪಕ್ಕದಲ್ಲಿ ಕೂತಿದ್ದರು. ಮೂರನೆಯ ಹಾಡಿಗೆ ಎಲ್ಲಕ್ಕಿಂತ ಹೆಚ್ಚು ಚಪ್ಪಾಳೆ ಬಿತ್ತು. ಆ ಕಾಲಿನ ಸುರಿಮಳೆಗೆ ಜನ ಸಿಳ್ಳೆ ಹಾಕಿದರು. ನಾನು ಮೈಕ್ ಹಿಡಿದು, “ಇದೆಲ್ಲ ನಮ್ಮ ಡ್ರಮ್ಮರ್ ಕೈಚಳಕ” ಎಂದೆ. ಅವರು ಕಣ್ಣೊರೆಸಿಕೊಂಡರು. ಆ ಮಾತನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಕೆಲವು ವಾರಗಳ ಮೇಲೆ ಅವರ ಫೋನ್ ಬಂತು. ಚರ್ಚಿನ ಹುಡುಗರು ಹಬ್ಬಕ್ಕೆ ಡ್ರಮ್ಸ್ ಬಾರಿಸಲು ಕರೆದಿದ್ದರಂತೆ, ಮೂರನೆಯ ಹಾಡೇ ಬೇಕಂತೆ.

“ಪಲ್ಲವಿಗೆ ಮುಂಚೆ ಕಾಲಲ್ಲಿ ಎಂತದೋ ಮಾಡಿದ್ದೇನಲ್ಲ, ಅದು ಬರುದೇ ಇಲ್ಲ ಮಾರಾಯ. ಹೇಗೆ ಮಾಡಿದ್ದು ನಾನು? ನಿನಗೆ ನೆನಪುಂಟಾ?”

ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. “ಅಭ್ಯಾಸ ತಪ್ಪಿದೆ ಅಷ್ಟೇ. ಬಾರಿಸ್ತಾ ಇರಿ, ಬರುತ್ತೆ” ಎಂದೆ.

ಹಬ್ಬಕ್ಕೆ ಅವರು ಬಾರಿಸಲಿಲ್ಲ. ಆಮೇಲೆ ಫೋನೂ ಕಡಿಮೆಯಾಯಿತು. ಒಂದು ದಿನ ಅವರ ಹೆಂಡತಿಯೇ ಮಾತಿಗೆ ಸಿಕ್ಕಿದರು. “ಅವರೀಗ ಡ್ರಮ್ಸ್ ಮುಟ್ಟುದಿಲ್ಲ. ಕೈಕಾಲು ಮೊದಲಿನ ಹಾಗೆ ಇಲ್ಲ ಅಂತ ಮಂಗಳೂರಲ್ಲಿ ನರದ ಡಾಕ್ಟರಿಗೆ ತೋರಿಸಿ ಬಂದ್ರು. ಮಾತ್ರೆ ತಗೊಳ್ತಾ ಇದ್ದಾರೆ” ಎಂದರು. ಏನೋ ಒಂದು ಹೇಳಿ ಫೋನ್ ಇಟ್ಟೆ.

ಅಂದು ಹಳೆಯ ಫೈಲು ಹುಡುಕಿ ತೆಗೆದೆ, ನಾನು ಕೈ ಹಾಕುವ ಮುಂಚಿನದು. ಅವರ ಡ್ರಮ್ಸ್, ನನ್ನ ಹಾಡು, ಎರಡೂ ಒಟ್ಟಿಗೆ. ಕಣ್ಣು ಮುಚ್ಚಿ ಕೇಳಿದೆ. ತಾಳ ನಿಧಾನವಾಗುತ್ತಿದ್ದದ್ದು ನಾನು ಮೇಲಿನ ಸ್ವರಕ್ಕೆ ಹೋಗುವ ಮೊದಲು ಉಸಿರೆಳೆದುಕೊಳ್ಳುವ ಜಾಗದಲ್ಲಿ, ಪ್ರತಿ ಸಲವೂ ಅಲ್ಲೇ. ಇಲ್ಲಿಯ ದೂಳಿಗೆ ನನ್ನ ಎದೆ ಕಟ್ಟುತ್ತದೆಂದು ಅವರಿಗೆ ಗೊತ್ತಿತ್ತು. ಅವರು ತಪ್ಪಿರಲಿಲ್ಲ, ನನಗಾಗಿ ಕಾಯುತ್ತಿದ್ದರು. ನಾನು ತಿದ್ದಿದ್ದು ಅದನ್ನು. ಅಷ್ಟು ನಾಚಿಕೆ ನನಗೆ ಬದುಕಿನಲ್ಲಿ ಎಂದೂ ಆಗಿರಲಿಲ್ಲ.

ಮರುದಿನ ಊಟದ ವಿರಾಮದಲ್ಲಿ ಆಫೀಸಿನ ಮೆಟ್ಟಿಲ ಮೇಲೆ ಕೂತು ಅವರಿಗೆ ಫೋನ್ ಮಾಡಿದೆ. ಎಲ್ಲವನ್ನೂ ಹೇಳಿದೆ. ಕಾಲಿನ ಪೆಟ್ಟು, ಎಳೆದು ಕೂರಿಸಿದ ತಾಳ, ವೇದಿಕೆಯ ಸುಳ್ಳು, ಫೋನಿನ ಸುಳ್ಳು, ಯಾವುದನ್ನೂ ಬಿಡಲಿಲ್ಲ. ಬೈಯಲಿ ಎಂದು ಕಾದೆ, ಬೈದಿದ್ದರೆ ಒಳ್ಳೆಯದಿತ್ತು.

ಅವರು ಮೆಲ್ಲಗೆ ಕೇಳಿದರು, “ಹಾಗಾದ್ರೆ ನನ್ನ ಕೈಕಾಲಿಗೆ ಎಂತದೂ ಆಗಲಿಲ್ಲ, ಅಲ್ವಾ?”