ನಡುಮನೆಯ ಲೆಕ್ಕ

ಮೇಡಂ ಎರಡು ಕೈಯಲ್ಲೂ ಒಂದೊಂದು ಸೀಮೆಸುಣ್ಣ ಹಿಡಿದು ಬೋರ್ಡಿಗೆ ತಿರುಗಿದರೆಂದರೆ, ಎರಡು ವೃತ್ತಗಳು ಒಟ್ಟಿಗೇ ಮೂಡುತ್ತಿದ್ದವು. ಎಡಗೈಯದು ಎಡಕ್ಕೆ, ಬಲಗೈಯದು ಬಲಕ್ಕೆ ಸುತ್ತಿ, ನಡುವೆ ಒಂದರೊಳಗೊಂದು ಹಾಯ್ದು, ಬಳೆ ಸದ್ದು ನಿಲ್ಲುವಷ್ಟರಲ್ಲಿ ಮುಗಿದಿರುತ್ತಿತ್ತು. ಆಮೇಲೆ ನಮ್ಮ ಕಡೆ ತಿರುಗಿ, ಹೇಗೆ ಅನ್ನುವಂತೆ ಹುಬ್ಬು ಹಾರಿಸುತ್ತಿದ್ದರು.

ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಅತ್ತಿಗುಪ್ಪೆಯಲ್ಲಿ ಫ್ಲೋರ್ ಮಿಲ್ಲಿನ ಮೇಲಿದ್ದ ಒಂದೇ ಕೋಣೆ ಅವರ ಕೋಚಿಂಗ್ ಸೆಂಟರು. ಕೆಳಗೆ ರಾಗಿ ಬೀಸುವಾಗ ನಮ್ಮ ಬೆಂಚುಗಳೂ ನಡುಗುತ್ತಿದ್ದವು. ವಿಜಯನಗರದ ದೊಡ್ಡ ಸೆಂಟರುಗಳಲ್ಲಿ ಪಾಸಾದವರ ಫೋಟೋಗಳು ಗೋಡೆ ತುಂಬ ಇರುತ್ತಿದ್ದವು. ನಮ್ಮವೂ ಹಾಕಿಸಿ ಎಂದರೆ, ನಿಮ್ಮ ಮೂತಿ ನೋಡಿ ಯಾರು ಕೆಲಸ ಕೊಡ್ತಾರೆ ಎನ್ನುತ್ತಿದ್ದರು.

ನಾನು ನಾಯಂಡಹಳ್ಳಿಯ ಗೋಡೌನೊಂದರಲ್ಲಿ ಬಿಲ್ ಬರೆಯುತ್ತ ಸರ್ಕಾರಿ ಗುಮಾಸ್ತೆ ಹುದ್ದೆಯ ಪರೀಕ್ಷೆಗೆ ಓದುತ್ತಿದ್ದೆ. ಹಿಂದೆ ಎರಡು ಸಲ ಗಣಿತದಲ್ಲೇ ಮುಗ್ಗರಿಸಿದ್ದೆ. ಈ ಸಲ ತಪ್ಪಿದರೆ ವಯಸ್ಸು ಮೀರುತ್ತಿತ್ತು, ಮತ್ತೆ ಅರ್ಜಿ ಹಾಕುವ ಹಾಗೇ ಇರಲಿಲ್ಲ. ಕಾಫಿ ಕುಡಿಯುವವರು ಇಷ್ಟು, ಟೀ ಕುಡಿಯುವವರು ಇಷ್ಟು, ಎರಡೂ ಕುಡಿಯುವವರು ಎಷ್ಟು ಎಂಬ ಪ್ರಶ್ನೆ ಕಂಡರೆ ನನಗೆ ತಲೆ ಗಿರ್ರೆನ್ನುತ್ತಿತ್ತು. ಯಾರು ಏನು ಕುಡಿದರೆ ನಮಗೇನು ಅಂತ ಮೈಯೆಲ್ಲ ಉರಿಯುತ್ತಿತ್ತು. ಅಂಥ ಪ್ರಶ್ನೆ ಬಂದರೆ ಬಿಟ್ಟುಬಿಡುತ್ತೇನೆ ಎಂದು ಒಂದು ದಿನ ಹೇಳಿಯೇಬಿಟ್ಟೆ.

"ಬಿಡು, ಪರವಾಗಿಲ್ಲ. ನೀನು ಬಿಟ್ಟಿದ್ದನ್ನ ಪಕ್ಕದೋಳು ಮಾಡಿ ಕೆಲಸ ತಗೊಂಡು ಹೋಗ್ತಾಳೆ," ಎಂದರು ಮೇಡಂ. "ಕೂತ್ಕೊಳೇ."

ಕೂತೆ. ವೃತ್ತಗಳು ಎರಡು ಕೋಣೆ, ಅವು ಕೂಡುವ ಜಾಗ ನಡುಮನೆ, ಹೊರಗಿನದೆಲ್ಲ ಅಂಗಳ ಎಂದು ಅವರು ಹೆಸರಿಟ್ಟಿದ್ದರು. ನಡುಮನೆಯಲ್ಲಿ ಕೂತವರು ಎರಡು ಕೋಣೆಗೂ ಸೇರಿದವರು, ಅವರನ್ನು ಎರಡು ಸಲ ಎಣಿಸಿ ಮೋಸಹೋಗಬಾರದು. ಕಾಫಿಯೂ ಬೇಡ, ಟೀಯೂ ಬೇಡ ಎಂದು ಅಂಗಳದಲ್ಲಿ ನಿಂತವರನ್ನು ಮೊದಲೇ ಕಳೆದುಬಿಡಬೇಕು. ಅಯ್ಯೋ, ಇಷ್ಟೇನಾ ಅನ್ನಿಸಿತು. ಅವರ ಇನ್ನೊಂದು ಮಾತು ಮಾತ್ರ ನಮಗೆಲ್ಲ ಬಾಯಿಪಾಠ:

"ಪ್ರಶ್ನೇಲಿ 'ಮಾತ್ರ' ಅಂತ ಇದ್ರೆ ಅದು ಮಾತ್ರೆ ಇದ್ದ ಹಾಗೆ ಕಣ್ರೋ. ನೋಡದೆ ನುಂಗಬೇಡಿ."

ಪರೀಕ್ಷೆಯಲ್ಲಿ ಪ್ರಶ್ನೆ ಬಂದೇ ಬಂತು. ನೂರು ನೌಕರರಲ್ಲಿ ಅರವತ್ತೈದು ಜನ ಮೆಟ್ರೋ ಬಳಸುತ್ತಾರೆ, ಐವತ್ತು ಜನ ಬಸ್ಸು, ಹತ್ತು ಜನ ಎರಡನ್ನೂ ಬಳಸುವುದಿಲ್ಲ. ಮೆಟ್ರೋ ಮಾತ್ರ ಬಳಸುವವರೆಷ್ಟು? ಅಂಗಳದ ಹತ್ತು ಜನರನ್ನು ಕಳೆದೆ, ತೊಂಬತ್ತು ಉಳಿಯಿತು. ಅರವತ್ತೈದೂ ಐವತ್ತೂ ಸೇರಿ ನೂರಹದಿನೈದು, ಅಂದರೆ ನಡುಮನೆಯಲ್ಲಿ ಇಪ್ಪತ್ತೈದು ಜನ. ಕೊಟ್ಟಿದ್ದ ಉತ್ತರಗಳಲ್ಲಿ ಇಪ್ಪತ್ತೈದು ಮೊದಲನೆಯದೇ! ಪೆನ್ನು ಆ ಕಡೆಗೇ ಹೊರಟಿತ್ತು. ಆಗ ಕಣ್ಣಿಗೆ ಬಿತ್ತು, ಮಾತ್ರ. ಅರವತ್ತೈದರಲ್ಲಿ ಇಪ್ಪತ್ತೈದು ಕಳೆದು ನಲವತ್ತಕ್ಕೆ ಗುರುತು ಹಾಕಿದೆ. ಆಮೇಲೆ ಉಳಿದ ಪ್ರಶ್ನೆಗಳಿಗೆ ನಾನು ಹೆದರಲಿಲ್ಲ.

ಆಯ್ಕೆಪಟ್ಟಿ ಹೊರಬೀಳುವಷ್ಟರಲ್ಲಿ ಮೇಡಂ ಹಾಸಿಗೆ ಹಿಡಿದಿದ್ದರು. ಪಟ್ಟಿಯ ಕೊನೆಕೊನೆಯಲ್ಲಿ ನನ್ನ ಹೆಸರಿತ್ತು. ಒಂದು ಉತ್ತರ ತಪ್ಪಿದ್ದರೂ ಇರುತ್ತಿರಲಿಲ್ಲ. ಮೈಸೂರುಪಾಕಿನ ಪೊಟ್ಟಣ ಹಿಡಿದು ಅವರ ಮನೆಗೆ ಓಡಿದೆ. ಹೆಚ್ಚು ಮಾತಾಡಿಸಬೇಡಿ ಎಂದು ಸೊಸೆ ಹೇಳಿ ಒಳಗೆ ಬಿಟ್ಟರು. ಕೆಲಸ ಸಿಕ್ಕಿತು ಎಂದರೆ, ಮೇಡಂ ಕೇಳಿದ್ದು ನಮ್ಮ ಲೆಕ್ಕ ಬಂದಿತ್ತಾ ಅಂತ. ಪ್ರಶ್ನೆಯನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಕಣ್ಣು ಮುಚ್ಚಿದರು. ನಿದ್ದೆ ಬಂತೇನೋ ಅಂದುಕೊಂಡೆ.

"ನಲವತ್ತು," ಎಂದರು.

"ಹೂಂ ಮೇಡಂ, ನಾನೂ ಅದನ್ನೇ ಹಾಕಿದೀನಿ."

"ಸರಿ ಬಿಡು. ಇನ್ಮೇಲೆ ನಿಂಗೆ ನನ್ನ ಅಗತ್ಯ ಇಲ್ಲ."

ನಾನು ಕೆಲಸಕ್ಕೆ ಸೇರುವ ಮೊದಲೇ ಮೇಡಂ ಹೋಗಿಬಿಟ್ಟರು. ನನ್ನ ಅಗತ್ಯ ಇಲ್ಲ ಅಂದರಲ್ಲ, ಅವರ ಬಾಯಿಂದ ನಾನು ಕೇಳಿದ ತಪ್ಪು ಉತ್ತರ ಅದೊಂದೇ.